ಭಂಡಾರ ಬಿದ್ದ ತಂತಿಗಳು

ಅಣ್ಣ ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ಆಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹೀಗೆ ಬರೆದ ಕೂಡಲೇ ‘ಚೆನ್ನಾಗಿ’ ಎಂಬುದನ್ನು ಹೊಡೆದುಹಾಕಬೇಕು ಅನ್ನಿಸುತ್ತದೆ. ಆದರೆ ಇರಲಿ. ನಾನು ಇಷ್ಟೆಲ್ಲ ಮಾಡಿದ್ದು ಆ ಒಂದು ಶಬ್ದದ ಮೇಲೆ ನಂಬಿಕೆಯಿಟ್ಟು.

ಅಕ್ಕಲಕೋಟದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಹಿಂದೆ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದರು. ದೊಡ್ಡವರು ಊರಿನ ಗುಡಿಯಲ್ಲಿ ದರ್ಶನದ ಪಾಳಿಯಲ್ಲಿ ನಿಂತಾಗ ಬೇಸರ ಬಂದ ಮಕ್ಕಳು ಅಲ್ಲಿ ನುಗ್ಗುತ್ತಿದ್ದರು. ಅಂಗಡಿ ಎಂದರೆ ತಗಡಿನ ಒಂದು ಖೋಲಿ, ಅದರಲ್ಲಿ ಮನುಷ್ಯನೆತ್ತರದ ಮರದ ಪೆಟ್ಟಿಗೆಗಳು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಪರದೆ, ಮಕ್ಕಳ ಎದೆಯ ಮಟ್ಟದಲ್ಲಿ ಇಳಿಜಾರಾದ ಹಲಗೆ, ಹಲಗೆಯ ಎಡಕ್ಕೆ ಒಂದು ಹ್ಯಾಂಡಲ್, ಬಲಕ್ಕೆ ಬಟನ್‌ಗಳು. ನಾಣ್ಯ ಹಾಕಿದರೆ ಪರದೆಯ ಮೇಲೆ ಬನಿಯನ್ ತೊಟ್ಟ ಒಬ್ಬ ಗಂಡಸು ಓಡಲು ಶುರುಮಾಡುತ್ತಿದ್ದ. ಹ್ಯಾಂಡಲ್ ಅವನನ್ನು ನಡೆಸುವುದಕ್ಕೆ, ಬಟನ್‌ಗಳು ಗುದ್ದುವುದಕ್ಕೆ ಮತ್ತು ಜಿಗಿಯುವುದಕ್ಕೆ. ಮೊಬೈಲ್ ಬಂದ ಮೇಲೆ ಅಂಗಡಿ ಮುಚ್ಚಿತು. ಒಂದು ಪೆಟ್ಟಿಗೆಯನ್ನು ಮಾತ್ರ ಮಾಮಾ ಮನೆಯಲ್ಲಿ ಕಂಬಳಿ ಹೊದಿಸಿ ಇಟ್ಟುಕೊಂಡರು. ಯಾಕೆ ಎಂದು ಕೇಳಿದವರಿಗೆ, ‘ಕುರಿ ಎಲ್ಲಾ ಮಾರಿದ್ರೂ ಒಂದ್ ಟಗರ ಇಟ್ಕೋತಾರ’ ಎನ್ನುತ್ತಿದ್ದರು.

ಅಣ್ಣ ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಚಾದರ ನೇಯುವ ಕಾರಖಾನೆಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಹೋದ ವರ್ಷ ಶ್ರಾವಣದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು. ಕಾಲು ಎಳೆದುಕೊಂಡಾದರೂ ನಡೆಯುವಂತಾದ. ಎಡಗೈ ಮಾತ್ರ ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾಲೂ ಹಿಚುಕಬೇಕು ಎಂದಳು. ಕೈಯಲ್ಲಿ ಜೀವ ಇದೆ, ಆದರೆ ಕೆಲಸ ಕೊಡದಿದ್ದರೆ ಅದು ಕೆಲಸವನ್ನೇ ಮರೆಯುತ್ತದೆ, ಈ ಕೆಲವು ತಿಂಗಳು ಕಳೆದರೆ ಆಮೇಲೆ ಕಷ್ಟ ಎಂದು ನನ್ನನ್ನೂ ವೈನಿಯನ್ನೂ, ಅಂದರೆ ಅಣ್ಣನ ಹೆಂಡತಿಯನ್ನೂ, ಹೊರಗೆ ಕರೆದು ಹೇಳಿದಳು.

ಅಣ್ಣ ಆ ಚೆಂಡನ್ನು ಓಣಿಯ ಮಕ್ಕಳಿಗೆ ಕೊಟ್ಟುಬಿಟ್ಟ. ಅವರು ಅದರಲ್ಲಿ ಕ್ರಿಕೆಟ್ ಆಡತೊಡಗಿದರು.

‘ಅದನ್ನ ಹಿಚುಕಿದ್ರ ಏನ್ ಬರ್ತೈತಿ?’ ಎಂದ ನನಗೆ. ‘ನಿಂಬಿಹಣ್ಣರೆ ಆಗಿದ್ರ ಶರಬತ್ತಾಗ್ತಿತ್ತು.’

ಹಾಸ್ಯ ಮಾಡಿದನಲ್ಲ ಎಂದು ನಾನು ಸಮಾಧಾನಪಟ್ಟೆ. ಆದರೆ ಅದಾದ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಬಹಳ ದಿನ ಹಾಗೆಯೇ ಮಲಗಿರುತ್ತಿದ್ದ. ಒಮ್ಮೆ ಟಿವಿಯಲ್ಲಿ ಯಾವುದೋ ಕಾರ್ಟೂನಿನವನು ಗೋಡೆಯಿಂದ ಗೋಡೆಗೆ ಹಾರಿದಾಗ ಮಾತ್ರ ಹೊರಳಿ ನೋಡಿ, ‘ಮಾಮಾನ ಅಂಗಡ್ಯಾಗ ಹಿಂಗ ಒಬ್ಬಾಂವ ಜಿಗೀತಿದ್ದ’ ಎಂದ. ಅಥವಾ ನಾನು ಹಾಗೆಂದೆ, ಅವನು ‘ಹೂಂ’ ಅಂದ. ಈ ಮಾತು ಮೊದಲು ಯಾರ ಬಾಯಿಂದ ಬಂತು ಎಂಬುದರಲ್ಲಿ ನಮ್ಮಿಬ್ಬರಿಗೂ ಈಗ ಒಮ್ಮತವಿಲ್ಲ. ನಾನು ದಿನಚರಿ ಬರೆಯುವವಳು. ಆ ದಿನ ಬರೆದದ್ದು ನೋಡಿದರೆ ಮಳೆ ಬಂದದ್ದು, ನಾನು ಕಲಿಸುವ ಕಾಲೇಜಿಗೆ ರಜೆ ಹಾಕಿದ್ದು, ಅಷ್ಟೇ ಇದೆ. ಬರೆದಿಟ್ಟರೆ ಉಳಿಯುತ್ತದೆ ಎನ್ನುವವರು ಏನನ್ನು ಬರೆಯಬೇಕು ಎಂದು ಮೊದಲೇ ಹೇಗೆ ತಿಳಿದುಕೊಳ್ಳುತ್ತಾರೋ ಗೊತ್ತಿಲ್ಲ.

ಅಂತೂ ಆ ಪೆಟ್ಟಿಗೆ ತರಬೇಕು ಎಂದು ನನ್ನ ತಲೆಯಲ್ಲಿ ಕೂತಿತು. ಅಣ್ಣನ ಬಲಗೈ ಹ್ಯಾಂಡಲ್ ಹಿಡಿಯಲಿ. ಆಗ ಬಟನ್ ಒತ್ತುವ ಕೆಲಸ ಎಡಗೈಯದು. ಆದರೆ ಬಟನ್‌ಗಳು ಇರುವುದು ಬಲಕ್ಕೆ. ಆದ್ದರಿಂದ ಹಲಗೆಯ ಎಡ ಅಂಚಿಗೆ ಹೆಚ್ಚಿನ ಒಂದು ಬಟನ್ ಕೂಡಿಸಬೇಕು, ದೊಡ್ಡದು, ಬೆರಳು ಬೇಕಾಗದೆ ಅಂಗೈಯ ಭಾರಕ್ಕೇ ಒತ್ತಿಕೊಳ್ಳುವಂಥದು. ವೈನಿಗೆ ಹೇಳಿದೆ. ವೈನಿ ಮಂದ್ರೂಪದವರು. ನಾದಿನಿಯಾದ ನನ್ನನ್ನು ಮರಾಠಿಯವರ ಹಾಗೆ ‘ವನ್ಸ’ ಎಂದೇ ಕರೆಯುತ್ತಾರೆ.

‘ಒತ್ತಾಕ ಆಗ್ಲಿಲ್ಲ ಅಂದ್ರ, ವನ್ಸ?’ ಎಂದರು. ‘ಚೆಂಡಿನ ಮ್ಯಾಲ ಸಿಟ್ಟ ಬಂತು, ಚೆಂಡ ಓಣಿಗೆ ಹೋತು. ಇಷ್ಟ ದೊಡ್ಡ ಡಬ್ಬಾ ನಾ ಎಲ್ಲಿ ಒಗೀಲಿ?’

‘ಏನರೆ ಮಾಡಬೇಕಲ್ರಿ ವೈನಿ.’

‘ಮಾಡ್ರಿ. ಖರೆ, ಮೊಣಕಾಲಿಗೆ ಹಚ್ರಿ. ಬಲಗಾಲ ಗಟ್ಟಿ ಐತಿ. ಇನ್ನೊಮ್ಮೆ ಸೋಲೂದ ಬ್ಯಾಡ ಅವರಿಗೆ.’

ಅವರು ಹೇಳಿದ್ದೂ ಸರಿ. ಮೊಣಕಾಲಿಗೆ ಹಚ್ಚಿದರೆ ಅಣ್ಣ ಆಡುತ್ತಾನೆ, ಕೈ ಹಾಗೇ ಮಲಗಿರುತ್ತದೆ. ಕೈಗೆ ಹಚ್ಚಿದರೆ ಕೈ ಎದ್ದರೂ ಏಳಬಹುದು, ಇಲ್ಲವಾದರೆ ಅಣ್ಣ ಮತ್ತೆ ಗೋಡೆಗೆ ಹೊರಳುತ್ತಾನೆ. ಯಾವುದು ಎಂದು ಬಗೆಹರಿಯದೆ ಎರಡೂ ಮಾಡುವುದು ಎಂದುಕೊಂಡೆ. ಗುದ್ದುವ ಬಟನ್ ಎಡಗೈಗೆ, ಜಿಗಿಯುವ ಬಟನ್ ಹಲಗೆಯ ಕೆಳಗೆ ಬಲ ಮೊಣಕಾಲಿಗೆ. ಇದನ್ನು ನಾನು ಆಗ ಜಾಣತನ ಅಂದುಕೊಂಡಿದ್ದೆ. ಈಗ ನೋಡಿದರೆ ತೀರ್ಮಾನ ಮಾಡಲಾರದವಳು ಮಾಡುವ ಕೆಲಸವೇ ಅದು.

ಅಕ್ಕಲಕೋಟದಲ್ಲಿ ಮಾಮಾ ಕಂಬಳಿ ಎಳೆದರು. ಪೆಟ್ಟಿಗೆ ನನ್ನ ನೆನಪಿಗಿಂತ ಸಣ್ಣದಾಗಿತ್ತು. ಬಣ್ಣವೂ ಬೇರೆ. ನಾನು ಕೆಂಪು ಅಂದುಕೊಂಡಿದ್ದೆ, ಅದು ನೀಲಿ.

‘ಅಣ್ಣ ಇದರ ಮ್ಯಾಲ ಎಷ್ಟ ಚಂದ ಆಡ್ತಿದ್ದ, ಅಲ್ರಿ ಮಾಮಾ.’

‘ಯಾರು, ನಿಮ್ಮಣ್ಣ?’ ಮಾಮಾ ಕಂಬಳಿ ಮಡಚುವುದನ್ನು ನಿಲ್ಲಿಸಿದರು. ‘ಅಂವ ಯಾವಾಗ ಆಡಿದ ತಂಗಿ? ಆಡಾಕಿ ನೀನು. ಅಂವ ನಿನ್ನ ಕರಿಯಾಕ ಬರ್ತಿದ್ದ. ನೀ ಜಪ್ಪಯ್ಯ ಅಂದ್ರೂ ಏಳ್ತಿದ್ದಿಲ್ಲ. ಒಂದಿನ ಸಿಟ್ಟಿಗೆದ್ದು ಗೋಡಿಯಿಂದ ಕರೆಂಟಿನ ಪಿನ್ನ ಕಿತ್ತ ಒಗದ.’

‘ಇಲ್ರಿ. ಎಡಗೈಲೆ ಹ್ಯಾಂಡಲ್ ಹಿಡದು ಆಡೂದು ನನ್ನ ಕಣ್ಣಾಗ ಐತಿ.’

‘ಎಡಗೈಲೆ ನೀ ಹಿಡೀತಿದ್ದಿ. ಎಲ್ಲಾರೂ ಎಡಗೈಲೇನ ಹಿಡೀತಾರ. ಹ್ಯಾಂಡಲ್ ಎಡಕ್ಕ ಐತಲ್ಲ.’

ಮಾಮಾನಿಗೆ ವಯಸ್ಸಾಗಿದೆ, ಎಲ್ಲ ಮಕ್ಕಳನ್ನು ಕಲಸಿಕೊಂಡಿದ್ದಾರೆ ಎಂದುಕೊಂಡೆ. ನನ್ನ ವಯಸ್ಸೇನು ಕಡಿಮೆಯೇ, ನಾನು ಕಲಸಿಕೊಂಡಿರಬಾರದೇ ಎಂದೂ ಅನ್ನಿಸಿತು. ಧಾರವಾಡದಲ್ಲಿ ಎಂ.ಎ. ಓದುವಾಗ ಬೋರಾಮಣಿಯ ಕಡೆ ಹುಲ್ಲುಗಾವಲಿನಲ್ಲಿ ಕುರಿ ಕಾಯುವ ನಮ್ಮವರನ್ನೇ ಮಾತಾಡಿಸಿ ಬರೆದುಕೊಂಡವಳು ನಾನು. ಒಂದೇ ಬೇಸಿಗೆಯನ್ನು ಒಬ್ಬರು ಒಂದೊಂದು ಥರ ಹೇಳಿದಾಗ, ಯಾರನ್ನೂ ಪೂರ್ತಿ ನಂಬಬಾರದು ಎಂದು ದೊಡ್ಡ ಪಾಠವೇನೋ ಸಿಕ್ಕಂತೆ ಸಂತೋಷಪಟ್ಟಿದ್ದೆ. ಆ ‘ಯಾರನ್ನೂ’ ಎಂಬುದರಲ್ಲಿ ನನ್ನನ್ನು ಸೇರಿಸಿಕೊಂಡಿರಲಿಲ್ಲ.

ಮಾಮಾ ಪೆಟ್ಟಿಗೆಯ ಹಿಂದಿನ ಬಾಗಿಲು ತೆಗೆದರು. ಅರಿಷಿಣದ ವಾಸನೆ ಮೂಗಿಗೆ ಬಡಿಯಿತು.

ಒಳಗೆಲ್ಲ ಹಳದಿ. ಕುರಿಗಾರರ ದೇವರಾದ ಬೀರೋಬನ ಒಕ್ಕಲು ನಾವು. ಖಂಡೇನವಮಿಯ ದಿನ ಅನ್ನ ಕೊಡುವ ವಸ್ತುಗಳಿಗೆಲ್ಲ ಭಂಡಾರ ಹಾರಿಸುತ್ತೇವೆ, ದೇವರ ಅರಿಷಿಣದ ಪುಡಿ. ಉಣ್ಣೆ ಕತ್ತರಿಸುವ ಕತ್ತರಿಗೆ, ಕೊಡಲಿಗೆ, ಈಗ ಟ್ರ್ಯಾಕ್ಟರಿಗೂ. ಮಾಮಾನಿಗೆ ಅನ್ನ ಕೊಟ್ಟದ್ದು ಈ ಪೆಟ್ಟಿಗೆ. ಹೊರಗೆ ಹಾರಿಸಿದರೆ ಗಿರಾಕಿ ಮಕ್ಕಳ ಅಂಗಿಗೆ ಹತ್ತುತ್ತದೆಂದು ಪ್ರತಿ ವರ್ಷ ಹಿಂದಿನ ಬಾಗಿಲು ತೆಗೆದು ಒಳಕ್ಕೇ ಎರಚುತ್ತಿದ್ದರಂತೆ. ಒಳಗಿನ ಸಣ್ಣ ಫ್ಯಾನು ಅದನ್ನು ಮೂಲೆಮೂಲೆಗೆ ಹಂಚಿತ್ತು.

ತಂತಿಗಳು ಯಾವುದೋ ಕಾರಖಾನೆಯ ಮೋಡಕಿನಿಂದ, ಅಂದರೆ ಗುಜರಿಯಿಂದ, ತಂದವು, ಎಲ್ಲವೂ ಕಪ್ಪು. ಮಾಮಾ ಅವನ್ನು ಜಡೆಯಂತೆ ಬಿಗಿಯಾಗಿ ಹೆಣೆದಿದ್ದರು. ಜಡೆಯ ತುದಿಯಲ್ಲಿ ಸ್ಕ್ರೂಗಳ ಒಂದು ಪಟ್ಟಿ, ಒಂದೊಂದು ಸ್ಕ್ರೂಗೆ ಒಂದೊಂದು ತಂತಿ. ಯಾವುದು ಯಾವುದರದು ಎಂದು ತಿಳಿಯಲು ತಂತಿಯ ಕೊರಳಿಗೆ ಚಾದರದ ನೂಲು ಕಟ್ಟಿದ್ದರು, ಬೇರೆ ಬೇರೆ ಬಣ್ಣದ್ದು.

‘ಬಟನ್ನಿನ ಬುಡಕ್ಕ ಕೈ ಹಚ್ಚಬ್ಯಾಡ. ಜಂಗ ಹಿಡದಾವ, ಮುರೀತಾವ’ ಎಂದರು ಮಾಮಾ. ‘ಇಲ್ಲಿ ಪಟ್ಟಿಗೆ ಜೋಡಸು. ಕೆಂಪ ದಾರ ಗುದ್ದೂದು, ಹಸಿರ ದಾರ ಜಿಗಿಯೂದು. ಉಳದದ್ದು ನನಗೂ ಈಗ ಧ್ಯಾನದಾಗಿಲ್ಲ. ನಿನಗ ಎರಡ ಬೇಕಲ್ಲ.’

‘ಎಲ್ಲಾ ಹಳದೀನ ಕಾಣಾಕತ್ತಾವಲ್ರಿ ಮಾಮಾ.’

‘ಭಂಡಾರ ಬಿದ್ದ ಮ್ಯಾಲ ಮತ್ತ ಹ್ಯಾಂಗ ಕಾಣಬೇಕು?’

‘ಒರಸಲೇನ್ರಿ?’

‘ದೇವರದು. ಒರಸಬ್ಯಾಡ.’ ಪೆಟ್ಟಿಗೆಯೊಳಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿದರು. ‘ನಿಮ್ಮಣ್ಣಗೂ ಹಚ್ಚು.’

ಪೆಟ್ಟಿಗೆ ಟೆಂಪೋದಲ್ಲಿ ಸೊಲ್ಲಾಪುರಕ್ಕೆ ಬಂತು. ಅಣ್ಣ ಹಾಸಿಗೆಯಿಂದಲೇ ನೋಡಿ, ‘ಇದೇನ, ಕಪಾಟ ತಂದೀರಿ?’ ಎಂದ. ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಕಾಡಿಸುತ್ತಿದ್ದನೋ. ಪರದೆ ಕೆಟ್ಟಿದ್ದರಿಂದ ಅದನ್ನು ಬಿಚ್ಚಿ ಟಿವಿ ರಿಪೇರಿಯವರಿಗೆ ಕೊಟ್ಟೆವು. ಅದು ಬರುವವರೆಗೆ ಕಾಯಬಹುದಿತ್ತು. ಆದರೆ ತಿಂಗಳು ಕಳೆದರೆ ಕಷ್ಟ ಎಂದ ಆ ಹುಡುಗಿಯ ಮಾತು ನನ್ನ ಬೆನ್ನು ಹತ್ತಿತ್ತು. ಪರದೆಯಿಲ್ಲದೆಯೇ ಕೆಲಸಕ್ಕೆ ಕೂತೆ.

ಕೆಲಸ ಕಷ್ಟದ್ದಲ್ಲ. ಪ್ರತಿ ಬಟನ್ನಿನ ಬುಡದಲ್ಲಿ ಎರಡು ಕಾಲುಗಳಿರುತ್ತವೆ. ಒಂದು ಕಾಲಿನ ತಂತಿ ಎಲ್ಲ ಬಟನ್‌ಗಳಿಗೂ ಸಾಮಾನ್ಯ, ಓಣಿಯ ಒಂದೇ ನಲ್ಲಿ ಇದ್ದಂತೆ. ಇನ್ನೊಂದು ಕಾಲಿನದು ಆ ಬಟನ್ನಿನ ಸ್ವಂತದ್ದು. ಹೊಸ ಬಟನ್ನಿನ ಒಂದು ಕಾಲನ್ನು ಸಾಮಾನ್ಯ ತಂತಿಗೂ, ಇನ್ನೊಂದನ್ನು ಯಾವ ಹಳೆಯ ಬಟನ್ನಿನ ಕೆಲಸ ಬೇಕೋ ಅದರ ಸ್ವಂತ ತಂತಿಗೂ ಸೇರಿಸಿದರೆ ಮುಗಿಯಿತು. ಆಮೇಲೆ ಎರಡರಲ್ಲಿ ಯಾವುದನ್ನು ಒತ್ತಿದರೂ ಒಂದೇ. ಇದನ್ನು ವಿಡಿಯೋಗಳಲ್ಲಿ ನೋಡಿ ಕಲಿತೆ. ಮೀಟರ್ ಹಿಡಿದು ನೋಡಿದ್ದರೆ ಯಾವ ತಂತಿ ಯಾವುದು ಎಂದು ತಿಳಿಯುತ್ತಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಆಗ ನನ್ನ ಪಾಲಿಗೆ ಮೀಟರ್ ಎಂದರೆ ಕರೆಂಟ್ ಬಿಲ್ಲಿನದೊಂದೇ.

ಎಡಗೈಯ ಬಟನ್ ಸಿಕ್ಕಿದ್ದು ಎಂಐಡಿಸಿಯಲ್ಲಿ, ಮಗ್ಗದ ಬಿಡಿಭಾಗ ಮಾರುವ ಅಂಗಡಿಯಲ್ಲಿ. ಅಣಬೆಯಂಥ ತಲೆಯ ದೊಡ್ಡ ಕೆಂಪು ಬಟನ್, ಅಂಗೈ ತುಂಬುವಷ್ಟು. ದೂರದಿಂದಲೂ ಕಾಣುತ್ತದೆ ಎಂದು ಕೊಂಡೆ. ಅದರ ಸ್ಪ್ರಿಂಗ್ ಬಿಗಿ ಇತ್ತು. ಅದನ್ನು ತೆಗೆದು ಬಾಲ್‌ಪೆನ್ನಿನ ಸ್ಪ್ರಿಂಗ್ ಕೂಡಿಸಿದೆ. ಈಗ ಒಂದು ಚಮಚ ಇಟ್ಟರೂ ಒತ್ತಿಕೊಳ್ಳುವಷ್ಟು ಹಗುರಾಯಿತು. ಮೊಣಕಾಲಿಗೆ ಒಂದು ಹಸಿರು ಬಟನ್ ತಂದೆ.

ಉಳಿದದ್ದು ಕೆಂಪು ದಾರ, ಹಸಿರು ದಾರ ಹುಡುಕುವುದು. ಹಸಿರು ಹೇಗೋ ಗೊತ್ತಾಯಿತು, ಹಳದಿಯ ಕೆಳಗೆ ಪಾಚಿಯ ಹಾಗೆ ಕಾಣುತ್ತಿತ್ತು. ಕೆಂಪು ಯಾವುದೆಂದು ತಿಳಿಯಲಿಲ್ಲ. ಬಾಗಿಲ ಬಳಿ ಹಿಡಿದು ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ಕೊನೆಗೆ, ದೇವರದು ಎಂಬ ಅಳುಕು ಇದ್ದರೂ, ಬಟ್ಟೆಯ ಸಾಬಾಣದ ನೀರಿನಲ್ಲಿ ಅರಿವೆ ಅದ್ದಿ ಒಂದೊಂದೇ ದಾರ ಒರೆಸಿದೆ. ಒರೆಸುವ ಮುಂಚೆ ಕೈ ಮುಗಿದೆನೇ ಇಲ್ಲವೇ ನೆನಪಿಲ್ಲ. ಮುಗಿದಿದ್ದೆ ಎಂದು ಬರೆಯಲು ಆಸೆ. ಒಂದು ದಾರ ಒದ್ದೆಯಾದದ್ದೇ ಚೊಕ್ಕ ಕೆಂಪಾಗಿ ಎದ್ದಿತು. ಮಿಕ್ಕವು ಮಾಸಲಾಗಿಯೇ ಇದ್ದವು. ಅನುಮಾನ ಉಳಿಯಲಿಲ್ಲ. ಆ ತಂತಿಗೆ ನನ್ನ ಕೆಂಪು ಬಟನ್ನಿನ ತಂತಿ ಸೇರಿಸಿ ಸ್ಕ್ರೂ ಬಿಗಿದೆ.

ಪರದೆ ಬಂದ ದಿನ ಮಧ್ಯಾಹ್ನ ಅಣ್ಣನನ್ನು ಕುರ್ಚಿಯಲ್ಲಿ ಕೂಡಿಸಿ ಪೆಟ್ಟಿಗೆಯ ಮುಂದೆ ತಂದೆವು. ಅವನು ಪರದೆ ನೋಡಲಿಲ್ಲ. ಬಟನ್ ನೋಡಿದ.

‘ಇದನ್ಯಾರ ಹಚ್ಚಿದ್ರು?’

‘ನಾನು. ಗುದ್ದೂ ಬಟನ್ನ ಅದು. ಎಡಗೈ ಅದರ ಮ್ಯಾಲಿಟ್ರ ಸಾಕು.’

‘ಕೆಂಪ ಬಟನ್ನಿಲೆ ಗುದ್ದತಾರೇನ? ಕೆಂಪ ಒತ್ತಿದ್ರ ಮಗ್ಗ ನಿಂದರ್ತೈತಿ.’

‘ಇದು ಮಗ್ಗಲ್ಲೋ ಅಣ್ಣ.’

‘ಅದು ಬಟನ್ನಿಗೆ ಗೊತ್ತೇನ, ಪ್ರೊಫೆಸರಬಾಯಿ?’

ಅವನ ವಾದಕ್ಕೆ ಕೊನೆ ಇರುವುದಿಲ್ಲ ಎಂದು ನಾನೇ ಆಟ ಶುರುಮಾಡಿ ತೋರಿಸಲು ಹೋದೆ. ಬನಿಯನ್ ತೊಟ್ಟವನು ಓಡಿದ. ಹಸಿರು ಬಟನ್ ಮುಟ್ಟಿದೆ, ಜಿಗಿದ. ಎದುರಿಗೆ ಒಬ್ಬ ದಾಂಡಿಗ ಬಂದ. ಕೆಂಪು ಬಟನ್ನಿನ ಮೇಲೆ ಅಂಗೈ ಇಟ್ಟು ಒತ್ತಿದೆ. ಪರದೆ ಪೂರ್ತಿ ಕಪ್ಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಗೆರೆ ಗೆರೆ ಬಂದು ಆಟ ಮೊದಲಿನಿಂದ ತೊಡಗಿತು. ಮತ್ತೊಮ್ಮೆ ಒತ್ತಿದೆ. ಮತ್ತೆ ಕಪ್ಪು.

ಅಣ್ಣ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ಹಾಗೆ ನಕ್ಕದ್ದು ಕೇಳಿರಲಿಲ್ಲ. ಬಾಯಿಯ ಒಂದು ಬದಿ ಇನ್ನೂ ಬಿಗಿಯಾಗಿದ್ದುದರಿಂದ ನಗು ಓರೆಯಾಗಿ ಬಂತು.

‘ನಾ ಏನ್ ಹೇಳಿದ್ನಿ? ನಿಂತತಿಲ್ಲೋ?’

ನಾನು ಹಿಂದೆ ಹೋಗಿ ಬಾಗಿಲು ತೆಗೆದೆ. ಎಲ್ಲ ಸರಿ ಇತ್ತು. ಕೆಂಪು ದಾರದ ತಂತಿಗೇ ಕೆಂಪು ಬಟನ್. ಮಾಮಾನಿಗೆ ಫೋನ್ ಮಾಡಿದೆ.

‘ಬಿಳಿ ದಾರಕ್ಕ ಹಚ್ಚೀಯೇನ?’ ಎಂದರು. ‘ಗೇಮ ಅಟಕಿತಂದ್ರ ಹೊಳ್ಳಿ ಚಾಲು ಮಾಡೂದು ಒಂದ ಬಟನ್ ಒಳಗ ಐತಿ. ಅದು ಈಗ ಧ್ಯಾನಕ್ಕ ಬಂತ ನೋಡ. ಅದರದ ಬಿಳಿ ದಾರ.’

‘ಬಿಳೀದ ಒಂದೂ ಇಲ್ರಿ ಮಾಮಾ. ಇದು ಕೆಂಪನ ಐತಿ. ಸಾಬಾಣ ಹಚ್ಚಿ ತೊಳದ...’

ಹೇಳುತ್ತಿರುವಾಗಲೇ ಗೊತ್ತಾಯಿತು. ಅರಿಷಿಣಕ್ಕೆ ಸಾಬಾಣ ಮುಟ್ಟಿದರೆ ಕೆಂಪಾಗುತ್ತದೆ. ಮದುವೆಯ ಮರುದಿನ ಸೀರೆ ಒಗೆದವರೆಲ್ಲ ನೋಡಿರುತ್ತಾರೆ, ನಾನೂ ನೋಡಿದ್ದೇನೆ. ಅರಿಷಿಣ ಕುಡಿದ ಬಿಳಿ ನೂಲು ನನ್ನ ಸಾಬಾಣಕ್ಕೆ ಕೆಂಪಾಗಿತ್ತು. ನಿಜವಾದ ಕೆಂಪು ನೂಲು ಬಣ್ಣ ಹೋಗಿ ಬೆಲ್ಲದ ಹಾಗೆ ಪಕ್ಕದಲ್ಲೇ ಕೂತಿತ್ತು. ಮಾಮಾ ಫೋನ್ ಇಟ್ಟುಬಿಟ್ಟರು. ಒರೆಸಿದ್ದು ತಿಳಿಯಿತು ಅಂತ ಕಾಣುತ್ತದೆ.

ವೈನಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ‘ಭಂಡಾರಕ್ಕ ಸಾಬಾಣ ಹಚ್ಚಿದ್ರಿ, ಬೀರೋಬ ಕುಂಕುಮ ಮಾಡಿ ಕೊಟ್ಟ, ವನ್ಸ.’

ಪಕ್ಕಡ್ ತೆಗೆದುಕೊಂಡು ತಂತಿ ಬದಲಿಸಲು ಹೊರಟೆ. ಅಣ್ಣ ಬೇಡ ಎಂದ.

‘ಇರ್ಲಿ ಬಿಡು. ಅದು ಬರೋಬರ ಐತಿ.’

‘ಗುದ್ದಾಕ ಬರಂಗಿಲ್ಲಲ್ಲೋ.’

‘ಅಂವ ಜಿಗೀತಾನಿಲ್ಲೋ? ಸಾಕು. ಗುದ್ದಿದಾಂವರೆ ಎಲ್ಲಿ ಹೋಗಿ ಮುಟ್ಯಾನ.’

ಹೀಗೆ ಅವನ ಆಟ ಶುರುವಾಯಿತು. ಬಲಗೈ ಅಡ್ಡ ಚಾಚಿ ಹ್ಯಾಂಡಲ್ ಹಿಡಿಯುತ್ತಿದ್ದ, ಮೊಣಕಾಲಿನಿಂದ ಜಿಗಿಸುತ್ತಿದ್ದ. ಎಡಗೈ ಹಲಗೆಯ ಅಂಚಿನಲ್ಲಿ, ಕೆಂಪು ಬಟನ್ನಿನ ಪಕ್ಕದಲ್ಲಿ ಇರುತ್ತಿತ್ತು. ಮೊದಲ ದಿನ ಅದನ್ನು ಎತ್ತಿ ಅಲ್ಲಿಟ್ಟದ್ದು ನಾನು. ವೈನಿ ತಾವು ಎನ್ನುತ್ತಾರೆ. ಪರದೆಯ ಮೇಲಿನವನು ಯಾರಿಗೂ ಹೊಡೆಯದೆ, ಬಂದವರ ತಲೆಯ ಮೇಲಿಂದ ಹಾರಿ ಹಾರಿ ಮುಂದೆ ಹೋಗುತ್ತಿದ್ದ. ‘ನಮ್ಮ ಮಂದ್ರೂಪದ ಆಡಿನ ಮರಿ ಕಬ್ಬಿನ ಬದುವಿನ ಮ್ಯಾಲ ಹಾರಿದಂಗ’ ಎಂದು ವೈನಿ ಅಡುಗೆಮನೆಯಿಂದ ಬಂದು ಬಂದು ನೋಡುತ್ತಿದ್ದರು. ಅಣ್ಣ ಗೋಡೆಗೆ ಮುಖ ಮಾಡಿ ಮಲಗುವುದು ಕಡಿಮೆಯಾಯಿತು. ಅಷ್ಟಾಯಿತು. ಕೈ ಮಾತ್ರ ಇಟ್ಟಲ್ಲೇ ಇತ್ತು. ವೈನಿ ಗೆದ್ದರು, ನಾನು ಸೋತೆ ಎಂದು ನಾನು ಒಳಗೇ ಲೆಕ್ಕ ಹಾಕಿದೆ. ಇದರಲ್ಲಿ ಗೆಲ್ಲುವುದೇನು, ಅವರ ಗಂಡನ ಕೈ ಅದು ಎಂದು ನಾಚಿಕೆಯೂ ಆಯಿತು.

ಒಂದು ದಿನ ಸಂಜೆ ಆ ಬನಿಯನ್ನಿನವನು ಹಿಂದೆಂದೂ ಹೋಗದಷ್ಟು ದೂರ ಹೋದ. ನಾನು ಅಣ್ಣನ ಬಲಗಡೆ ನಿಂತಿದ್ದೆ, ವೈನಿ ಎಡಗಡೆ ಚಹಾದ ಕಪ್ಪು ಹಿಡಿದು ನಿಂತಿದ್ದರು. ಎದುರಿನಿಂದಲೂ ಹಿಂದಿನಿಂದಲೂ ದಾಂಡಿಗರು ಬಂದು ಅವನನ್ನು ಒಂದು ಮೂಲೆಗೆ ಒತ್ತಿದರು. ಜಿಗಿಯಲು ಜಾಗವಿರಲಿಲ್ಲ. ಇನ್ನೇನು ಏಟು ಬೀಳಬೇಕು, ಪರದೆ ಕಪ್ಪಾಯಿತು.



‘ಕೈ ಎತ್ತಿದ್ರು’ ಎಂದರು ವೈನಿ. ‘ವನ್ಸ, ಇವರು ಕೈ ಎತ್ತಿ ಒತ್ತಿದ್ರು. ನಾ ನೋಡಿನಿ.’

‘ಜಾರಿತು’ ಎಂದ ಅಣ್ಣ.

‘ಜಾರೂ ಕೈ ಮ್ಯಾಲ ಹೋಗ್ತೈತೇನ?’

‘ಚಹಾ ಕೊಡ. ಆರಿ ಹೋಗ್ತೈತಿ.’

ಚಹಾ ಅರ್ಧ ಕುಡಿದ ಮೇಲೆ, ಯಾರೂ ಕೇಳದಿದ್ದರೂ, ‘ದಾರ ಹರಿತು ಅಂದ್ರ ಮಗ್ಗ ನಿಂದರಸಬೇಕು. ಹಂಗ ಬಿಟ್ರ ಇಡೀ ಚಾದರ ಕೆಡತೈತಿ’ ಎಂದ. ಹಾಗಾದರೆ ಜಾರಿತು ಎಂದದ್ದು? ನಿಲ್ಲಿಸಿದವನು ತಾನು ಎಂದು ಹೇಳುತ್ತಿದ್ದಾನೋ, ಮಗ್ಗದ ಹಳೆಯ ನೆನಪು ಹೇಳುತ್ತಿದ್ದಾನೋ ತಿಳಿಯಲಿಲ್ಲ. ಪೆನ್ನಿನ ಸ್ಪ್ರಿಂಗ್ ಹಾಕಿದ ಬಟನ್ ಅದು. ತೋಳು ಸ್ವಲ್ಪ ವಾಲಿದರೂ ಒತ್ತಿಕೊಳ್ಳುತ್ತದೆ. ಹಾಗೆ ಮಾಡಿಟ್ಟವಳು ನಾನೇ.

ನನ್ನ ತೊಂದರೆ ಬೇರೆ. ನಾನು ಆಗ ಪರದೆ ನೋಡುತ್ತಿದ್ದೆ. ಇದು ಖಂಡಿತ, ಏಕೆಂದರೆ ಪರದೆ ಕಪ್ಪಾದಾಗ ಗಾಜಿನಲ್ಲಿ ನನ್ನದೇ ಮುಖ ಕಂಡು ಬೆಚ್ಚಿದ್ದೆ. ಅಣ್ಣನ ಎಡಗೈ ಅವನ ಮೈಯ ಆ ಕಡೆ ಇತ್ತು. ಆದರೂ ಆ ಕೈ ಮಣಿಕಟ್ಟಿನಿಂದ ನಿಧಾನ ಎದ್ದು, ಬೆರಳು ಜೋತುಬಿದ್ದಿದ್ದರೂ ಅಂಗೈ ಬಾಗಿ, ಕೆಂಪು ಬಟನ್ನಿನ ಮೇಲೆ ಇಳಿದದ್ದು ನನ್ನ ಕಣ್ಣಲ್ಲಿ ಸ್ಪಷ್ಟವಾಗಿದೆ. ಕೈಯ ಮೇಲಿನ ಹಳೆಯ ಗಾಯದ ಕಲೆ ಕೂಡ ಕಾಣುತ್ತದೆ. ನೋಡದೇ ಇದ್ದದ್ದು ಇಷ್ಟು ಚೆನ್ನಾಗಿ ಕಾಣುವುದಾದರೆ, ಅಕ್ಕಲಕೋಟದ ಅಂಗಡಿಯಲ್ಲಿ ಎಡಗೈಯಿಂದ ಆಡುತ್ತಿದ್ದ ಅಣ್ಣ ಯಾರು?

ಅವನನ್ನೇ ಕೇಳಿದೆ. ‘ಮಾಮಾನ ಅಂಗಡ್ಯಾಗ ನೀ ಆಡ್ತಿದ್ಯೋ, ನನ್ನ ಕರಿಯಾಕ ಬರ್ತಿದ್ಯೋ?’

‘ಆಡ್ತಿದ್ದೆ’ ಎಂದ ಕೂಡಲೇ. ಆಮೇಲೆ ಕಪ್ಪು ಕೆಳಗಿಟ್ಟು, ‘ನೀ ಆಡೂದ ನೋಡ್ತಿದ್ದೆ. ಎರಡೂ ಒಂದ ಅಲ್ಲೇನ’ ಎಂದ.

‘ಪಿನ್ನ ಕಿತ್ತಿದ್ಯಂತ.’

‘ಅದನ್ನೂ ಆ ದಿನಚರ್ಯಾಗ ಬರಕೋತಿ? ಬರಕೋ. ಕನ್ನಡ ಓದಾಕ ಈ ಮನ್ಯಾಗ ಯಾರಿಗೆ ಬರ್ತೈತಿ.’ ಅವನು ಓದಿದ್ದು ಮರಾಠಿ ಸಾಲಿಯಲ್ಲಿ.

ವ್ಯಾಯಾಮದ ಹುಡುಗಿಗೆ ವೈನಿ ನಡೆದದ್ದು ಹೇಳಿದರು. ಅವಳು ಅಣ್ಣನ ಕೈ ಹಿಡಿದು ಹಿಂದೆ ಮುಂದೆ ಆಡಿಸಿ, ‘ಆಗಿರಬಹುದು, ನೋಡೋಣ’ ಎಂದಳು. ಅಷ್ಟರಿಂದ ನನಗೆ ಏನೂ ಬಗೆಹರಿಯಲಿಲ್ಲ. ಬಗೆಹರಿಸಿಕೊಳ್ಳಲು ಒಂದು ದಾರಿ ಹೊಳೆಯಿತು. ಕೆಂಪು ಬಟನ್ನಿನ ತಂತಿಯನ್ನು ನಿಜವಾದ ಗುದ್ದುವ ತಂತಿಗೆ ಬದಲಿಸಿದರೆ, ಅದನ್ನು ಆಗಾಗ ಒತ್ತಲೇಬೇಕಾಗುತ್ತದೆ. ಒಂದು ಸಲ ಜಾರಬಹುದು, ಪ್ರತಿ ಸಲ ಜಾರುವುದಿಲ್ಲ. ಒಂದು ರವಿವಾರ ಪಕ್ಕಡ್, ಕತ್ತರಿ ತೆಗೆದುಕೊಂಡು ಅಣ್ಣನ ಮನೆಗೆ ಹೋದೆ.

ಅಣ್ಣ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಪೆಟ್ಟಿಗೆಯ ಹಿಂದಿನ ಬಾಗಿಲಿಗೆ, ತೆರೆಯಲು ಬಾರದಂತೆ, ನೂಲು ಕಟ್ಟಿತ್ತು. ಬಾಗಿಲಿನ ಕೊಂಡಿಯಲ್ಲಿ ಪೋಣಿಸಿ ಗಂಟು ಹಾಕಿತ್ತು. ಮಗ್ಗದಲ್ಲಿ ಹರಿದ ಎಳೆಗೆ ಅಣ್ಣ ಹಾಕುತ್ತಿದ್ದ ಗಂಟು ನಾನು ನೋಡಿದ್ದೇನೆ, ಸಾಸಿವೆಯಷ್ಟು ಸಣ್ಣದು, ಅದಕ್ಕೆ ಎರಡು ಕೈ ಬೇಕು. ಇದು ದೊಡ್ಡದಾಗಿ, ಸೊಟ್ಟಗೆ, ಹುಣಸೆಬೀಜದ ಹಾಗಿತ್ತು. ಒಂದು ಎಳೆಯ ತುದಿ ಹಲ್ಲಿನಲ್ಲಿ ಕಚ್ಚಿದಂತೆ ಚಪ್ಪಟೆಯಾಗಿತ್ತು.

ಅಡುಗೆಮನೆಗೆ ಹೋಗಿ ವೈನಿಯನ್ನು ಕೇಳಿದೆ.

‘ನಾ ಕಟ್ಟಿಲ್ರಿ’ ಎಂದರು. ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಬಡಿಯತೊಡಗಿದರು, ಮೊದಲಿಗಿಂತ ಮೆಲ್ಲಗೆ.

ಹೊರಗೆ ಬಂದು ಅಣ್ಣನ ಕೈಗಳನ್ನು ನೋಡಿದೆ. ಬಲಗೈ ಬೆರಳುಗಳಿಗೆ ಭಂಡಾರದ ಹಳದಿ ಹತ್ತಿತ್ತು. ಎಡಗೈಯ ಹೆಬ್ಬೆರಳಿಗೂ. ಬಲಗೈಯಿಂದ ಎಡಗೈ ಎತ್ತಿ ಇಟ್ಟುಕೊಳ್ಳುವಾಗ ಹತ್ತಿದ್ದೂ ಇರಬಹುದು. ಹಲ್ಲು ಮತ್ತು ಒಂದು ಕೈ ಇದ್ದರೆ ಇಂಥ ಗಂಟು ಹಾಕಬಹುದೇ ಎಂದು ನನ್ನ ಸೆರಗಿನ ಎಳೆಯಲ್ಲಿ ಹಾಕಿ ನೋಡಿದೆ. ಒಮ್ಮೆ ಬಂತು, ಒಮ್ಮೆ ಬರಲಿಲ್ಲ.

‘ಕತ್ತರಿ ಯಾಕ ತಂದಿ?’ ಅಣ್ಣ ಕಣ್ಣು ತೆರೆದಿದ್ದ.

‘ಏನಿಲ್ಲ.’

‘ಏನಿಲ್ಲಂದ್ರ ಚೀಲದಾಗಿಡು. ಚಾಲು ಮಾಡ ಅದನ್ನ.’

ಕತ್ತರಿ ಚೀಲಕ್ಕೆ ಹಾಕಿ ಪೆಟ್ಟಿಗೆ ಚಾಲು ಮಾಡಿದೆ. ಈ ಸಲ ಅಣ್ಣನ ಎಡಗಡೆ, ವೈನಿ ನಿಲ್ಲುತ್ತಿದ್ದ ಜಾಗದಲ್ಲಿ, ನೆಲದ ಮೇಲೆ ಕೂತೆ. ಕೈ ನನ್ನ ಕಣ್ಣಿನ ಮಟ್ಟಕ್ಕೆ ಇತ್ತು. ಪರದೆಯ ಕಡೆ ನೋಡುವುದಿಲ್ಲ ಎಂದು ನಿರ್ಧರಿಸಿದ್ದೆ. ಆಟದ ಸದ್ದು ಕೇಳುತ್ತಿತ್ತು, ಓಡಿದ್ದು, ಜಿಗಿದದ್ದು, ಮತ್ತೆ ಜಿಗಿದದ್ದು. ಬಹಳ ಹೊತ್ತು ನಾನು ಕಣ್ಣು ಮಿಟುಕಿಸಲೂ ಹಿಂಜರಿದೆ.

‘ನನ್ನ ಕೈ ಏನ್ ನೋಡಾಕತ್ತಿ?’ ಎಂದ ಅಣ್ಣ. ‘ಆಟ ನೋಡು. ಎಷ್ಟ ದೂರ ಬಂದಾನ ನೋಡಲ್ಲಿ.’

ಅವನು ಅಷ್ಟು ಹುರುಪಿನಿಂದ ಹೇಳಿದ ಮೇಲೆ ನೋಡದಿರುವುದು ಹೇಗೆ. ಕೈಯಿಂದ ಕಣ್ಣು ತೆಗೆದು ತಲೆ ಎತ್ತಿದೆ. ಪರದೆ ಆಗಲೇ ಕಪ್ಪಾಗಿತ್ತು.